ಬುಡಕ್ಕೆ ಹರಳು ಮದ್ದು ಹಾಕುವ ಮುನ್ನ ಒಮ್ಮೆ ಮಣ್ಣು ಅಗೆದು ನೋಡಿ

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ ಕರಾವಳಿಯಿಂದ ಬಹಳ ದೂರ. ಅಲ್ಲಿ ಅಡಿಕೆ ಇಲ್ಲ, ತೆಂಗಿನ ಸಾಲುಗಳಿಲ್ಲ, ಎಡೆಬಿಡದ ಮಳೆಯೂ ಇಲ್ಲ. ಆದರೆ ಅಲ್ಲಿನ ರೈತನಿಗೂ ಇಲ್ಲಿನ ತೋಟದವನಿಗೂ ಒಬ್ಬನೇ ಶತ್ರು. ಅದು ಮಣ್ಣಿನೊಳಗೆ ಕೂತು ಬೇರು ತಿನ್ನುವ ಬಿಳಿ ಹುಳ. ಅದನ್ನು ಕೊಲ್ಲಲು ಇಬ್ಬರೂ ಕೈಗೆತ್ತಿಕೊಳ್ಳುವುದು ಬುಡಕ್ಕೆ ಹಾಕುವ ಹರಳು ಮದ್ದನ್ನೇ, ಅಂದ್ರೆ ಗ್ರಾನ್ಯೂಲ್ ಕೀಟನಾಶಕವನ್ನು.

ಸೊಲ್ಲಾಪುರದ ಅಕ್ಕಲಕೋಟೆ ತಾಲೂಕು ಕಲಬುರಗಿ ಮತ್ತು ವಿಜಯಪುರ ಜಿಲ್ಲೆಗಳಿಗೆ ತಾಗಿಕೊಂಡಿದೆ. ಹೊಲದಲ್ಲಿ, ಸಂತೆಯಲ್ಲಿ ಕನ್ನಡ ಕೇಳಿಸುವ ಊರುಗಳು ಅಲ್ಲಿ ಬೇಕಾದಷ್ಟಿವೆ. ಮಹಾಜನ ಆಯೋಗ 1967ರಲ್ಲಿ ಕೊಟ್ಟ ವರದಿಯಲ್ಲಿ ಕಾಸರಗೋಡಿನ ಹಾಗೆ ಅಕ್ಕಲಕೋಟೆಯನ್ನೂ ಕರ್ನಾಟಕಕ್ಕೆ ಸೇರಿಸಬೇಕೆಂದು ಹೇಳಿತ್ತು. ಗಡಿಯ ಮಾತು ಹಾಗಿರಲಿ. ಅಲ್ಲಿನ ಕಬ್ಬು, ಜೋಳ, ದಾಳಿಂಬೆ ಹೊಲಗಳಲ್ಲಿ ಹರಳು ಮದ್ದು ಎಲ್ಲಿ ಕೆಲಸ ಮಾಡಿತು, ಎಲ್ಲಿ ದುಡ್ಡು ದಂಡವಾಯಿತು, ಎಲ್ಲಿ ಜೀವಕ್ಕೇ ಕುತ್ತಾಗಬಹುದು ಅನ್ನುವುದನ್ನು ಕರಾವಳಿಯ ತೋಟದವರೂ ತಿಳಿದುಕೊಂಡರೆ ಒಳ್ಳೆಯದು.

ನೆಲದಡಿಯಲ್ಲಿ ಇರುವುದು ಯಾರು?

ಸೊಲ್ಲಾಪುರ ಮೂಲತಃ ಬರದ ನಾಡು. ವರ್ಷದ ಮಳೆ ಸುಮಾರು 550 ಮಿಲಿಮೀಟರ್. ಹಿಂಗಾರಿ ಬಿಳಿಜೋಳ ಅಲ್ಲಿನ ಹಳೆಯ ಬೆಳೆ. ಹೆಸರುವಾಸಿ ಮಾಲದಂಡಿ ಜೋಳದ ತಳಿ ಆಯ್ಕೆಯಾದದ್ದು ಇದೇ ಜಿಲ್ಲೆಯ ಮೊಹೋಳದಲ್ಲಿ. ಭೀಮಾ ನದಿಗೆ ಉಜನಿ ಅಣೆಕಟ್ಟು ಬಂದ ಮೇಲೆ ಕಬ್ಬು ಹಬ್ಬಿತು, ಸಕ್ಕರೆ ಕಾರ್ಖಾನೆಗಳು ಸಾಲುಸಾಲಾಗಿ ಬಂದವು. ದಾಳಿಂಬೆಯೂ ಬೆಳೆಯಿತು. ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಇರುವುದೂ ಸೊಲ್ಲಾಪುರದಲ್ಲೇ.

ವರ್ಷವಿಡೀ ತೇವ, ವರ್ಷವಿಡೀ ಬೇರು. ಹುಳಕ್ಕೆ ಇನ್ನೇನು ಬೇಕು? ಕಬ್ಬಿನ ಹೊಲದಲ್ಲಿ ಗೊಣ್ಣೆ ಹುಳ ಸೇರಿಕೊಂಡಿತು. ಮರಾಠಿಯಲ್ಲಿ ಇದಕ್ಕೆ 'ಹುಮಣಿ' ಅಂತಾರೆ. ಇದು ಕಂದು ದುಂಬಿಯ ಮರಿ. ಬಿಳಿ ಮೈ, ಕಂದು ತಲೆ, ಕೈಗೆತ್ತಿಕೊಂಡರೆ ಇಂಗ್ಲಿಷಿನ 'ಸಿ' ಅಕ್ಷರದ ಹಾಗೆ ಮುದುಡಿಕೊಳ್ಳುತ್ತದೆ. ಕೂಳೆ ಕಬ್ಬನ್ನು ಉಳುಮೆ ಇಲ್ಲದೆ ವರ್ಷಗಟ್ಟಲೆ ಬಿಟ್ಟ ಹೊಲದಲ್ಲಿ ಇದರ ಕಾಟ ಹೆಚ್ಚು. ಜೊತೆಗೆ ಗೆದ್ದಲು ಇದೆ. ದಾಳಿಂಬೆ ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳವಿದೆ. ಜೋಳಕ್ಕೆ ಸುಳಿ ನೊಣ ಬರುತ್ತದೆ. ಸುಳಿ ನೊಣ ಮಣ್ಣಿನ ಕೀಟವಲ್ಲ, ಆದರೂ ಬಿತ್ತುವಾಗ ಸಾಲಿಗೆ ಹರಳು ಹಾಕುವ ರೂಢಿ ಅಲ್ಲಿ ಬೆಳೆದದ್ದು ಇದರ ಕಾರಣದಿಂದಲೇ.

ದಕ್ಷಿಣ ಕನ್ನಡ, ಕಾಸರಗೋಡಿನ ಅಡಿಕೆ ತೋಟದಲ್ಲಿ ಇದೇ ಕುಟುಂಬದ ಬೇರು ಹುಳ ಇದೆ. ಜಾತಿ ಬೇರೆ, ಕೆಲಸ ಒಂದೇ. ಮರ ಸೊರಗುತ್ತದೆ, ಸೋಗೆ ಹಳದಿಯಾಗುತ್ತದೆ, ಕಾಂಡದ ತುದಿ ಸಣ್ಣದಾಗುತ್ತದೆ, ಇಳುವರಿ ಬೀಳುತ್ತದೆ.

ಹರಳು ಅಂದ್ರೆ ಏನು?

ಮರಳು ಅಥವಾ ಜೇಡಿಯ ಸಣ್ಣ ಕಾಳಿಗೆ ಕೀಟನಾಶಕವನ್ನು ಲೇಪಿಸಿದರೆ ಅಥವಾ ಹೀರಿಸಿದರೆ ಹರಳು ಮದ್ದು ಸಿದ್ಧ. ಪಂಪು ಬೇಡ, ನೀರು ಹೊರುವುದು ಬೇಡ, ಗಾಳಿಗೆ ಹಾರಿ ಪಕ್ಕದವರ ಹೊಲಕ್ಕೆ ಹೋಗುವುದಿಲ್ಲ. ಮಣ್ಣಿನ ತೇವಕ್ಕೆ ಕರಗಿ ನಿಧಾನವಾಗಿ ಬೇರಿನ ಸುತ್ತ ಹರಡುತ್ತದೆ. ಕೆಲವು ಮದ್ದುಗಳನ್ನು ಬೇರು ಹೀರಿಕೊಂಡು ಗಿಡದ ಮೈಯೊಳಕ್ಕೆ ಒಯ್ಯುತ್ತದೆ. ಆಗ ಗಿಡ ಕಚ್ಚಿದ ಕೀಟವೂ ಸಾಯುತ್ತದೆ. ಇವೆಲ್ಲ ಇದರ ಅನುಕೂಲಗಳು.

ಇದಕ್ಕೆ ಕೆಲವು ಷರತ್ತುಗಳೂ ಇವೆ. ತೇವ ಇಲ್ಲದಿದ್ದರೆ ಹರಳು ಕರಗುವುದಿಲ್ಲ. ಮಣ್ಣು ಮುಚ್ಚದಿದ್ದರೆ ಬಿಸಿಲಿಗೆ ಹಾಳಾಗುತ್ತದೆ, ಇಲ್ಲವೇ ಹಕ್ಕಿಯ ಹೊಟ್ಟೆ ಸೇರುತ್ತದೆ. ಮಳೆ ಜಾಸ್ತಿಯಾದರೆ ಬೇರನ್ನು ದಾಟಿ ಕೆಳಗಿಳಿದು ಬಾವಿಗೆ ಹೋಗುತ್ತದೆ.

ಇನ್ನೊಂದು ಗೊಂದಲವನ್ನು ಇಲ್ಲೇ ಬಗೆಹರಿಸಿಕೊಳ್ಳಬೇಕು. ಚೀಲದ ಮೇಲೆ 'ಜಿ', 'ಜಿಆರ್' ಅಥವಾ 'ಸಿಜಿ' ಅಂತ ಇದ್ದರೆ ಅದು ನೇರ ಮಣ್ಣಿಗೆ ಹಾಕುವ ಹರಳು. 'ಡಬ್ಲ್ಯೂಜಿ' ಅಥವಾ 'ಎಸ್‌ಜಿ' ಅಂತ ಇದ್ದರೆ ನೋಡಲು ಕಾಳಿನ ಹಾಗೇ ಇದ್ದರೂ ಅದನ್ನು ನೀರಿಗೆ ಹಾಕಿ ಕಲಸಬೇಕು. ಕಬ್ಬಿನ ಗೊಣ್ಣೆ ಹುಳಕ್ಕೆ ನೋಂದಣಿ ಇರುವ ಫಿಪ್ರೋನಿಲ್ 40 ಮತ್ತು ಇಮಿಡಾಕ್ಲೋಪ್ರಿಡ್ 40 ಮಿಶ್ರಣ ಈ ಎರಡನೆಯ ಗುಂಪಿನದ್ದು. ಅದನ್ನು ನೀರಿನಲ್ಲಿ ಕರಗಿಸಿ ಬುಡಕ್ಕೆ ಹುಯ್ಯಬೇಕು. ಹರಳು ಅಂದುಕೊಂಡು ಕೈಯಲ್ಲಿ ಎರಚಿದರೆ ಹುಳವೂ ಸಾಯುವುದಿಲ್ಲ, ಎರಚಿದವನ ಕೈಗೂ ಸುರಕ್ಷಿತವಲ್ಲ.

ಅಂಕಿಯೊಳಗಿನ ಲೆಕ್ಕ

ಹೆಸರಿನ ಮುಂದಿನ ಅಂಕಿ ಆ ಚೀಲದಲ್ಲಿ ನಿಜವಾದ ವಿಷ ಶೇಕಡಾ ಎಷ್ಟು ಅಂತ ಹೇಳುತ್ತದೆ. ಫೋರೇಟ್ 10ಜಿ ಹತ್ತು ಕಿಲೋ ಚೀಲದಲ್ಲಿ ವಿಷ 1 ಕಿಲೋ. ಕಾರ್ಬೋಫ್ಯೂರಾನ್ 3 ಶೇಕಡಾ ಹತ್ತು ಕಿಲೋದಲ್ಲಿ 300 ಗ್ರಾಂ. ಫಿಪ್ರೋನಿಲ್ 0.3 ಹತ್ತು ಕಿಲೋದಲ್ಲಿ 30 ಗ್ರಾಂ. ಭತ್ತಕ್ಕೆ ಎಕರೆಗೆ 4 ಕಿಲೋ ಹಾಕುವ ಕ್ಲೋರಾಂಟ್ರಾನಿಲಿಪ್ರೋಲ್ 0.4ರಲ್ಲಿ ಬರೀ 16 ಗ್ರಾಂ.

ಅಂದ್ರೆ 'ನಮ್ಮಪ್ಪ ಎಕರೆಗೆ ಇಷ್ಟು ಕಿಲೋ ಹಾಕ್ತಿದ್ರು, ನಾನೂ ಅಷ್ಟೇ ಹಾಕ್ತೇನೆ' ಅನ್ನುವ ಲೆಕ್ಕ ನಡೆಯುವುದಿಲ್ಲ. ಮದ್ದು ಬದಲಾದರೆ ಪ್ರಮಾಣವೂ ಬದಲಾಗುತ್ತದೆ, ಕೊಲ್ಲುವ ಕೀಟವೂ ಬದಲಾಗುತ್ತದೆ. ಕಬ್ಬಿನಲ್ಲಿ ಫಿಪ್ರೋನಿಲ್ 0.3 ಹರಳಿಗೆ ನೋಂದಣಿ ಇರುವುದು ಸುಳಿ ಕೊರಕ ಮತ್ತು ಬೇರು ಕೊರಕದ ಮೇಲೆ. ಕ್ಲೋರಾಂಟ್ರಾನಿಲಿಪ್ರೋಲ್ ಹರಳು ಕೊರಕ ಹುಳಗಳಿಗೆ ಮೀಸಲು, ಗೊಣ್ಣೆ ಹುಳಕ್ಕಲ್ಲ. ದಾಳಿಂಬೆಯ ಬೇರುಗಂಟಿನ ಜಂತುಹುಳ ಕೀಟವೇ ಅಲ್ಲ, ಹಾಗಾಗಿ ಇವೆರಡಕ್ಕೂ ಅದು ಜಗ್ಗುವುದಿಲ್ಲ. ಲೇಬಲ್‌ನಲ್ಲಿ ಬೆಳೆಯ ಹೆಸರು, ಕೀಟದ ಹೆಸರು ಎರಡೂ ಇದ್ದರೆ ಮಾತ್ರ ಆ ಮದ್ದು ನಿಮ್ಮ ಕೆಲಸಕ್ಕೆ ಬರುತ್ತದೆ.

ಹಳದಿ ಕಂಡ ಕೂಡಲೇ ಹರಳು ಬೇಡ

ಹೆಚ್ಚಿನ ದುಡ್ಡು ಮಣ್ಣುಪಾಲಾಗುವುದು ಇಲ್ಲಿ. ಸೊಲ್ಲಾಪುರದ ದಾಳಿಂಬೆ ಗಿಡ ಬಾಡಿ ಹಳದಿಯಾಗಲು ಕನಿಷ್ಠ ಮೂರು ಕಾರಣಗಳಿವೆ. ಬೇರಿನ ಜಂತುಹುಳ ಒಂದು, ಮಣ್ಣಿನ ಶಿಲೀಂಧ್ರದಿಂದ ಬರುವ ಸೊರಗು ರೋಗ ಇನ್ನೊಂದು, ಬುಡದಲ್ಲಿ ಸೂಜಿಯಷ್ಟು ತೂತು ಕೊರೆಯುವ ಸಣ್ಣ ದುಂಬಿ ಮತ್ತೊಂದು. ದೂರದಿಂದ ಮೂರೂ ಒಂದೇ ಥರ ಕಾಣುತ್ತವೆ. ಶಿಲೀಂಧ್ರಕ್ಕೆ ಕೀಟನಾಶಕ ಹರಳನ್ನು ಎಷ್ಟು ಹಾಕಿದರೂ ಗಿಡ ಉಳಿಯುವುದಿಲ್ಲ.

ಕರಾವಳಿಯಲ್ಲೂ ಇದೇ ಕತೆ. ಸುಳ್ಯದ ಸಂಪಾಜೆ, ಅರಂತೋಡು ಕಡೆ ದಶಕಗಳಿಂದ ಕಾಡುತ್ತಿರುವ ಅಡಿಕೆ ಹಳದಿ ಎಲೆ ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ ಅನ್ನುವ ಸೂಕ್ಷ್ಮಜೀವಿ. ಬೇರು ಹುಳ ತಿಂದರೂ ಸೋಗೆ ಹಳದಿ, ನೀರು ನಿಂತರೂ ಹಳದಿ, ಪೋಷಕಾಂಶ ಕಡಿಮೆಯಾದರೂ ಹಳದಿ. ವ್ಯತ್ಯಾಸ ಗೊತ್ತಾಗುವುದು ಹಾರೆ ಹಿಡಿದಾಗ ಮಾತ್ರ. ಸೊರಗಿದ ಗಿಡದ ಬುಡದಲ್ಲಿ ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳ ಅಗೆಯಿರಿ. ಎಳೆ ಬೇರು ಕತ್ತರಿಸಿ ಹೋಗಿದೆಯೇ, ಹುಳ ಇದೆಯೇ, ಬೇರಿನಲ್ಲಿ ಗಂಟಿದೆಯೇ ನೋಡಿ. ನಾಲ್ಕೈದು ಕಡೆ ಹೀಗೆ ಅಗೆದರೂ ಹುಳ ಸಿಗದಿದ್ದರೆ ಆ ತೋಟಕ್ಕೆ ಬೇರು ಹುಳದ ಮದ್ದು ಬೇಕಾಗಿಲ್ಲ.

ಜೂನ್‌ನ ಹುಳ, ಸೆಪ್ಟೆಂಬರ್‌ನ ಹುಳ

ಗೊಣ್ಣೆ ಹುಳದ ವರ್ಷಚಕ್ರ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಸೊಲ್ಲಾಪುರದ ಕಡೆ ಮುಂಗಾರಿನ ಮೊದಲ ಜೋರು ಮಳೆ ಬಿದ್ದಾಗ ದುಂಬಿಗಳು ಮಣ್ಣಿನಿಂದ ಏಳುತ್ತವೆ. ಸಂಜೆ ಕತ್ತಲಾಗುವ ಹೊತ್ತಿಗೆ ಬೇವು, ಜಾಲಿ, ಬೋರೆ ಮರಗಳ ಮೇಲೆ ಕೂತು ಎಲೆ ತಿನ್ನುತ್ತವೆ, ಕೂಡುತ್ತವೆ, ಬೆಳಗಾಗುವ ಮೊದಲು ಮತ್ತೆ ಮಣ್ಣು ಸೇರಿ ಮೊಟ್ಟೆ ಇಡುತ್ತವೆ. ವಾರ ಹತ್ತು ದಿನಗಳಲ್ಲಿ ಮರಿ ಹೊರಬರುತ್ತದೆ. ಎಳೆ ಮರಿ ಮೇಲ್ಮಣ್ಣಿನಲ್ಲೇ ಇದ್ದು ಕೊಳೆತ ಕಸ, ಕೂದಲೆಳೆಯಂಥ ಬೇರು ತಿನ್ನುತ್ತದೆ. ಮದ್ದಿಗೆ ಬಗ್ಗುವುದು ಈ ಹಂತದಲ್ಲಿ.

ಆಗಸ್ಟ್ ಕಳೆದು ಸೆಪ್ಟೆಂಬರ್ ಬರುವಾಗ ಹುಳ ಮೂರನೇ ಹಂತಕ್ಕೆ ಬೆಳೆದು ದಪ್ಪವಾಗಿರುತ್ತದೆ. ಕಬ್ಬು ಒಣಗುವುದು, ಹಿಡಿದು ಎಳೆದರೆ ಬುಡಸಮೇತ ಕೈಗೆ ಬರುವುದು ಆಗಲೇ. ರೈತ ಅಂಗಡಿಗೆ ಓಡುವುದೂ ಆಗಲೇ. ಆದ್ರೆ ಅಷ್ಟೊತ್ತಿಗೆ ಹರಳು ಹಾಕಿ ಹೆಚ್ಚೇನೂ ಪ್ರಯೋಜನ ಇಲ್ಲ. ದಪ್ಪ ಹುಳಕ್ಕೆ ಆ ಪ್ರಮಾಣ ಸಾಲದು, ಮೇಲೆ ಬಿದ್ದ ಮದ್ದು ಅದರ ಆಳಕ್ಕೆ ಮುಟ್ಟುವುದೂ ಕಷ್ಟ. ಮದ್ದು ಹಾಕಲೇಬೇಕಾದ ಹೊಲದಲ್ಲಿ ಮೊದಲ ಜೋರು ಮಳೆಯ ನಂತರದ ಕೆಲವೇ ವಾರಗಳು ಬೆಲೆಯುಳ್ಳ ಸಮಯ. ಆಗ ಬುಡದ ಪಕ್ಕ ಸಾಲು ತೆಗೆದು ಹಾಕಿ, ಮಣ್ಣು ಮುಚ್ಚಿ, ತೇವ ಕಡಿಮೆಯಿದ್ದರೆ ಹದವಾಗಿ ನೀರು ಕೊಡಬೇಕು.

ಕಾನೂನು ಎಲ್ಲಿಗೆ ಬಂತು?

ಬಹಳ ವರ್ಷ ಸೊಲ್ಲಾಪುರದ ಕಬ್ಬಿಗೂ ಕರಾವಳಿಯ ಅಡಿಕೆಗೂ 'ಹುಳದ ಮದ್ದು' ಅಂದ್ರೆ ಫೋರೇಟ್. ಅಡಿಕೆ ಬುಡಕ್ಕೆ ಅದನ್ನು ಹಾಕಬೇಕೆಂದು ಆಗ ಶಿಫಾರಸೇ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅತ್ಯಂತ ಅಪಾಯಕಾರಿ ವರ್ಗದಲ್ಲಿ ಇಟ್ಟಿದೆ. ಕೇಂದ್ರ ಸರಕಾರ 2018ರ ಆಗಸ್ಟ್‌ನಲ್ಲಿ ಹೊರಡಿಸಿದ ಆದೇಶದಂತೆ 12 ಕೀಟನಾಶಕಗಳು ತಕ್ಷಣ ನಿಷೇಧವಾದವು. ಫೋರೇಟ್ ಸೇರಿ ಇನ್ನೂ 6 ಕೀಟನಾಶಕಗಳಿಗೆ 2020ರ ಡಿಸೆಂಬರ್ 31ರ ಗಡುವು ಕೊಡಲಾಯಿತು. ಆ ದಿನದಿಂದ ಫೋರೇಟ್ ಮಾರುವುದೂ ಬಳಸುವುದೂ ಕಾನೂನುಬಾಹಿರ. 2023ರ ಸೆಪ್ಟೆಂಬರ್ ಕೊನೆಯಲ್ಲಿ ಬಂದ ಇನ್ನೊಂದು ಆದೇಶದಲ್ಲಿ ಕಾರ್ಬೋಫ್ಯೂರಾನ್‌ಗೂ ಕಡಿವಾಣ ಬಿತ್ತು. ಈಗ ಉಳಿದಿರುವುದು 3 ಶೇಕಡಾ ಸಿಜಿ ಹರಳು ಮಾತ್ರ, ಅದೂ ಲೇಬಲ್‌ನಲ್ಲಿ ಹೆಸರಿಸಿದ ಬೆಳೆಗಳಿಗೆ ಮಾತ್ರ.

ಶೆಡ್ಡಿನ ಮೂಲೆಯಲ್ಲಿ ಫೋರೇಟಿನ ಹಳೇ ಚೀಲ ಉಳಿದಿದ್ದರೆ 'ಹೇಗೂ ಇದೆಯಲ್ಲ' ಅಂತ ಬುಡಕ್ಕೆ ಸುರಿಯಬೇಡಿ, ತೋಡಿಗೂ ಬಿಸಾಡಬೇಡಿ. ಬೀಗ ಹಾಕಿಟ್ಟು ಕೃಷಿ ಇಲಾಖೆಯವರಿಗೆ ತಿಳಿಸಿ. ಹೊಸದು ಕೊಳ್ಳುವಾಗ ಪರವಾನಗಿ ಇರುವ ಅಂಗಡಿಯಲ್ಲಿ, ಪಕ್ಕಾ ಬಿಲ್ ತೆಗೆದುಕೊಂಡೇ ಕೊಳ್ಳಿ. ಮದ್ದು ನಕಲಿ ಅಂತ ಗೊತ್ತಾದರೆ ದೂರು ಕೊಡಲು ಆ ಬಿಲ್ಲೇ ಆಧಾರ.

ಕಾಸರಗೋಡಿನ ಗೇರು ತೋಟಗಳಲ್ಲಿ, ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ ಕಡೆ ಎಂಡೋಸಲ್ಫಾನ್ ಏನು ಮಾಡಿತು ಅನ್ನುವುದನ್ನು ಇಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ. ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಅಷ್ಟೊತ್ತಿಗೆ ಒಂದು ತಲೆಮಾರೇ ನೊಂದಿತ್ತು. ಹೆಲಿಕಾಪ್ಟರ್‌ನಿಂದ ಸುರಿದ ವಿಷವನ್ನು ಜನ ಕಣ್ಣಾರೆ ಕಂಡರು. ಮಣ್ಣಿಗೆ ಹಾಕಿದ ವಿಷ ಕಣ್ಣಿಗೆ ಕಾಣುವುದಿಲ್ಲ. ಎಚ್ಚರ ಹೆಚ್ಚು ಬೇಕಾಗುವುದು ಅದಕ್ಕಾಗಿಯೇ.

ಕಪ್ಪು ಮಣ್ಣು, ಕೆಂಪು ಮುರಕಲ್ಲು

ಒಂದೇ ಹರಳು ಎರಡು ಮಣ್ಣಿನಲ್ಲಿ ಎರಡು ಥರ ವರ್ತಿಸುತ್ತದೆ. ಸೊಲ್ಲಾಪುರದ ಎರೆ ಮಣ್ಣು ಕ್ಷಾರ ಗುಣದ್ದು. ಕಾರ್ಬೋಫ್ಯೂರಾನ್ ಅಂಥ ಮಣ್ಣಿನಲ್ಲಿ ಬೇಗ ಒಡೆದು ಹೋಗುತ್ತದೆ. ಅದರ ಮೇಲೆ, ಒಂದೇ ಮದ್ದನ್ನು ವರ್ಷ ವರ್ಷ ಹಾಕಿದ ಹೊಲದಲ್ಲಿ ಅದನ್ನೇ ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ. 'ಮೊದಲು ಕೆಲಸ ಮಾಡ್ತಿತ್ತು, ಈಗ ಡಬಲ್ ಹಾಕಿದ್ರೂ ಆಗ್ತಿಲ್ಲ' ಅನ್ನುವುದರ ಹಿಂದೆ ಇದೂ ಒಂದು ಕಾರಣ. ಅಂಥ ಹೊಲಕ್ಕೆ ಮೂರು ಪಟ್ಟು ಹಾಕಿದರೂ ಲಾಭವಿಲ್ಲ.

ಕರಾವಳಿಯ ಮುರಕಲ್ಲು ಮಣ್ಣು ಹುಳಿ ಗುಣದ್ದು. ಅಲ್ಲಿ ಇದೇ ಮದ್ದು ಹೆಚ್ಚು ದಿನ ಉಳಿಯುತ್ತದೆ. ಅದಕ್ಕೆ ನೀರಿನಲ್ಲಿ ಕರಗುವ ಗುಣವೂ ಇದೆ. ದಕ್ಷಿಣ ಕನ್ನಡದ ವರ್ಷದ ಮಳೆ 3,500 ಮಿಲಿಮೀಟರ್ ಮೀರುತ್ತದೆ. ತೋಟದ ಮಧ್ಯೆಯೇ ಕುಡಿಯುವ ನೀರಿನ ಬಾವಿ, ಅದರ ಕೆಳಗೆ ನೆರೆಮನೆಯವರ ಬಾವಿ, ಮತ್ತೂ ಕೆಳಗೆ ಮೀನಿರುವ ತೋಡು. ಫಿಪ್ರೋನಿಲ್ ಮೀನು, ಸಿಗಡಿ, ಜೇನ್ನೊಣ ಮೂರಕ್ಕೂ ಮಾರಕ. ಹಾಗಾಗಿ ಸೊಲ್ಲಾಪುರದವನ ಪ್ರಮಾಣವನ್ನೋ ಅವನ ತಿಂಗಳನ್ನೋ ಇಲ್ಲಿಗೆ ತಂದು ಹಾಕಿದರೆ ದೊಡ್ಡ ತಪ್ಪಾಗುತ್ತದೆ. ಬಾವಿಯ ಹತ್ತಿರದ ಸಾಲಿಗೆ, ನೀರು ಹರಿಯುವ ಕಣಿಗೆ, ಜಡಿಮಳೆಯ ದಿನಗಳಲ್ಲಿ ಹರಳು ಹಾಕಲೇಬಾರದು.

ಬೇರಿನ ಮೂಲಕ ಗಿಡಕ್ಕೆ ಏರುವ ಮದ್ದಿನ ವಿಷಯದಲ್ಲಿ ಇನ್ನೊಂದು ಮಾತಿದೆ. ಕಬ್ಬಿನ ಸಾಲುಗಳ ನಡುವೆ ಮೆಂತ್ಯ, ಕೊತ್ತಂಬರಿ ಬೆಳೆಯುವವರಿದ್ದಾರೆ. ಅಡಿಕೆಯ ನಡುವೆ ಬಾಳೆ, ಕಾಳುಮೆಣಸು ಇರುತ್ತದೆ. ಹರಳು ಬಿದ್ದ ಮಣ್ಣಿನಿಂದ ಇವೂ ವಿಷ ಹೀರುತ್ತವೆ. ಕೆಲವೇ ವಾರಗಳಲ್ಲಿ ಕೊಯ್ದು ತಿನ್ನುವ ಸೊಪ್ಪು ಇರುವಲ್ಲಿ ಇಂಥ ಹರಳು ಬೇಡವೇ ಬೇಡ. ದನಕ್ಕೆ ಹಾಕುವ ಜೋಳದ ಮೇವಿಗೂ ಲೇಬಲ್‌ನಲ್ಲಿ ಹೇಳಿದಷ್ಟು ದಿನ ಕಾಯಲೇಬೇಕು.

ಕೆಲಸದವರ ಕೈ, ಹಕ್ಕಿಯ ಕೊಕ್ಕು

ಹರಳು ಪುಡಿಯ ಹಾಗೆ ಹಾರುವುದಿಲ್ಲ, ಮೂಗಿಗೆ ಅಷ್ಟಾಗಿ ಅಡರುವುದಿಲ್ಲ. ಹಾಗಂತ ಜನ ಇದನ್ನು ರಸಗೊಬ್ಬರದಂತೆ ಬುಟ್ಟಿಯಲ್ಲಿ, ಸೆರಗಿನಲ್ಲಿ ಕಟ್ಟಿಕೊಂಡು ಬರಿಗೈಯಲ್ಲಿ ಎರಚುತ್ತಾರೆ. ಬೆವರಿದ ಕೈಯೂ ತೇವವೇ, ಹರಳು ಅಲ್ಲೂ ಕರಗುತ್ತದೆ. ಸೊಲ್ಲಾಪುರದ ಹೊಲದಲ್ಲಿ ಈ ಕೆಲಸ ಬೀಳುವುದು ಹೆಚ್ಚಾಗಿ ಕೂಲಿ ಹೆಂಗಸರ ಪಾಲಿಗೆ. ಕರಾವಳಿಯ ತೋಟಗಳಲ್ಲಿ ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದ ಕಾರ್ಮಿಕರ ಪಾಲಿಗೆ. ರಬ್ಬರ್ ಕೈಗವಸು, ಉದ್ದ ತೋಳಿನ ಅಂಗಿ, ಬೂಟು, ಕೈ ತೊಳೆಯಲು ಸಾಬೂನು ಕೊಡುವುದು ತೋಟದ ಮಾಲಕನ ಜವಾಬ್ದಾರಿ. ಕೆಲಸದ ನಡುವೆ ಬೀಡಿ, ಎಲೆಯಡಿಕೆ, ಚಹಾ ಕೂಡದು. ಚೀಲವನ್ನು ತೊಳೆದು ಅಕ್ಕಿ ತುಂಬಲು ಬಳಸುವುದಂತೂ ಕೂಡದು.

ವಿದರ್ಭದ ಯವತ್ಮಾಳ ಜಿಲ್ಲೆಯಲ್ಲಿ 2017ರಲ್ಲಿ ಹತ್ತಿಗೆ ಮದ್ದು ಹೊಡೆಯುತ್ತಿದ್ದ 20ಕ್ಕೂ ಹೆಚ್ಚು ಮಂದಿ ಸತ್ತರು. ಅದು ಸಿಂಪಡಣೆಯ ಪ್ರಕರಣವಾದರೂ ಪಾಠ ಇಲ್ಲಿಗೂ ಅನ್ವಯಿಸುತ್ತದೆ. ಕಾರ್ಬೋಫ್ಯೂರಾನ್, ಫೋರೇಟ್ ಜಾತಿಯ ವಿಷ ಏರಿದರೆ ಬೆವರು, ಬಾಯಲ್ಲಿ ಜೊಲ್ಲು, ವಾಂತಿ, ಹೊಟ್ಟೆ ಹಿಂಡುವುದು, ಕಣ್ಣು ಮಂಜಾಗುವುದು, ಕಣ್ಣಿನ ಪಾಪೆ ಚುಕ್ಕಿಯಷ್ಟಾಗುವುದು, ಮಾಂಸಖಂಡ ಅದುರುವುದು, ಉಸಿರು ಕಟ್ಟುವುದು ಕಂಡುಬರುತ್ತದೆ. 'ಬಿಸಿಲು ಹತ್ತಿದೆ' ಅಂತ ಮರದಡಿ ಮಲಗಿಸಿ ಕಾಯಬೇಡಿ. ಬಟ್ಟೆ ಬಿಚ್ಚಿಸಿ, ಮೈಯನ್ನು ಸಾಬೂನು ನೀರಿನಿಂದ ತೊಳೆದು, 108ಕ್ಕೆ ಕರೆ ಮಾಡಿ. ಮದ್ದಿನ ಚೀಲ ಅಥವಾ ಲೇಬಲ್ಲಿನ ಫೋಟೋ ಜೊತೆಗಿರಲಿ. ಯಾವ ವಿಷ ಅಂತ ಗೊತ್ತಾದರೆ ವೈದ್ಯರಿಗೆ ಅಟ್ರೋಪಿನ್‌ನಂಥ ಪ್ರತಿಮದ್ದು ಬೇಗ ನಿರ್ಧರಿಸಲು ಸಾಧ್ಯ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ವಾಂತಿ ಮಾಡಿಸಲು ಹೋಗಬೇಡಿ.

ಹಕ್ಕಿಗಳಿಗೆ ಹರಳು ಕಾಳಿನಂತೆ ಕಾಣುತ್ತದೆ. ಕಾರ್ಬೋಫ್ಯೂರಾನ್‌ನ ಒಂದೇ ಹರಳು ಒಂದು ಪುಟ್ಟ ಹಕ್ಕಿಯನ್ನು ಕೊಲ್ಲಲು ಸಾಕು. ಹಕ್ಕಿಗಳ ಸಾವಿನ ಕಾರಣಕ್ಕೇ ಅಮೆರಿಕ 1990ರ ದಶಕದಲ್ಲಿ ಅದರ ಹರಳು ರೂಪವನ್ನು ಹೆಚ್ಚುಕಡಿಮೆ ಪೂರ್ತಿ ನಿಲ್ಲಿಸಿತು. ಸೊಲ್ಲಾಪುರದ ಪಕ್ಕದ ನಾನ್ನಜ್‌ನಲ್ಲಿ ಅಳಿವಿನಂಚಿನ ಎರೆಭೂತ ಹಕ್ಕಿಗಾಗಿಯೇ ಅಭಯಾರಣ್ಯವಿದೆ. ಅದು ಹೊಲದ ಕಾಳು, ಹುಳ ತಿಂದು ಬದುಕುವ ಹಕ್ಕಿ. ಗಿಡ ನೆಟ್ಟವನ ಬೆಳೆಯನ್ನು ಹಕ್ಕಿ ತಿಂದರೂ ಅದು ಅವನ ಪಾಲಿಗೆ ಸದಖಾ ಎಂದು ಪ್ರವಾದಿ(ಸ) ಕಲಿಸಿಕೊಟ್ಟಿದ್ದಾರೆ. ಅದೇ ಹೊಲದಲ್ಲಿ ಮಣ್ಣು ಮುಚ್ಚದೆ ಬಿಟ್ಟ ಹರಳು ಆ ಹಕ್ಕಿಯನ್ನೇ ಕೊಲ್ಲುವಂತಾಗಬಾರದು.

ಮದ್ದಿಗಿಂತ ಮೊದಲಿನ ದಾರಿಗಳು

ದುಂಬಿ ಹಾರುತ್ತದೆ. ಒಬ್ಬನ ಹೊಲಕ್ಕೆ ಮದ್ದು ಹಾಕಿದರೆ ಪಕ್ಕದ ಹೊಲದಿಂದ ಬಂದು ಮತ್ತೆ ಮೊಟ್ಟೆ ಇಡುತ್ತದೆ. ಊರವರು ಒಟ್ಟಾಗಿ ದುಂಬಿ ಹಿಡಿಯುವುದೇ ಇದಕ್ಕೆ ಒಳ್ಳೆಯ ಉಪಾಯ. ಸೊಲ್ಲಾಪುರದ ಕಡೆಯಾದರೆ ಮೊದಲ ಮಳೆಯ ನಂತರದ ಸಂಜೆಗಳಲ್ಲಿ ಬೇವು, ಜಾಲಿಯ ಕೊಂಬೆ ಅಲುಗಿಸಿ, ಬಿದ್ದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುವುದು, ದೀಪದ ಬಲೆ ಇಡುವುದು. ಒಂದು ಹೆಣ್ಣು ದುಂಬಿ ಸತ್ತರೆ ಅದು ಇಡಬೇಕಿದ್ದ ಹತ್ತಾರು ಮೊಟ್ಟೆಗಳ ಕಾಟ ತಪ್ಪುತ್ತದೆ.

ಅಡಿಕೆಯ ದುಂಬಿ ಮರದೆಲೆಗೆ ಅಷ್ಟಾಗಿ ಹೋಗುವುದಿಲ್ಲ. ಮಳೆ ಶುರುವಾಗುವ ದಿನಗಳಲ್ಲಿ ಮಗ್ರಿಬ್ ಹೊತ್ತಿಗೆ ಮಣ್ಣಿನಿಂದ ಎದ್ದು ಸ್ವಲ್ಪ ಹೊತ್ತು ತೋಟದಲ್ಲೇ ಗುಂಯ್ ಅಂತ ಹಾರಾಡುತ್ತದೆ. ಎರಡು ಮೂರು ವಾರ ಆ ಹೊತ್ತಿನಲ್ಲಿ ಟಾರ್ಚ್ ಹಿಡಿದು ಕೈಯಿಂದ ಹೆಕ್ಕಬಹುದು. ಅಕ್ಕಪಕ್ಕದ ತೋಟದವರು, ಜಮಾಅತಿನ ಯುವಕರು ಸೇರಿದರೆ ಸಂಜೆಯ ಅರ್ಧ ಗಂಟೆಯ ಕೆಲಸ ಅಷ್ಟೇ.

ಕೂಳೆ ಮುಗಿದ ಮೇಲೆ ಆಳವಾಗಿ ಉತ್ತರೆ ಹುಳ ಮೇಲೆ ಬಂದು ಬೆಳ್ಳಕ್ಕಿ, ಕಾಗೆಯ ಪಾಲಾಗುತ್ತದೆ. ಅರೆಬರೆ ಕೊಳೆತ ಹಟ್ಟಿ ಗೊಬ್ಬರ ದುಂಬಿಯನ್ನು ಕರೆಯುತ್ತದೆ, ಪೂರ್ತಿ ಕಳಿತದ್ದನ್ನೇ ಹಾಕಿ. ಬೇವಿನ ಹಿಂಡಿಯೂ ಸಹಾಯ ಮಾಡುತ್ತದೆ. ಮೆಟಾರೈಜಿಯಂ ಅನ್ನುವ ಹಸಿರು ಶಿಲೀಂಧ್ರವನ್ನು ಕಳಿತ ಗೊಬ್ಬರದಲ್ಲಿ ಬೆರೆಸಿ ತೇವದ ಮಣ್ಣಿಗೆ ಹಾಕಿದರೆ ಅದು ಹುಳದ ಮೈ ಹೊಕ್ಕು ಕೊಲ್ಲುತ್ತದೆ. ಹುಳವನ್ನು ಹುಡುಕಿ ಕೊಲ್ಲುವ ಉಪಕಾರಿ ಜಂತುಹುಳಗಳೂ ಇವೆ. ಇವು ನಿಧಾನ, ಆದರೆ ಬಾವಿಗೆ ವಿಷ ಇಳಿಸುವುದಿಲ್ಲ. ಅಡಿಕೆ, ತೆಂಗಿನವರಿಗೆ ಕಾಸರಗೋಡು ಮತ್ತು ವಿಟ್ಲದ ಸಿಪಿಸಿಆರ್‌ಐ, ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರ ಮಾರ್ಗದರ್ಶನ ಕೊಡುತ್ತವೆ. ಬುಡದಲ್ಲಿ ಸಿಕ್ಕಿದ ಹುಳವನ್ನು ಒಂದು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ ತೋರಿಸಿದರೆ, ಯಾವ ಹುಳ, ಯಾವ ಹಂತ, ಮದ್ದು ಬೇಕೋ ಬೇಡವೋ ಅನ್ನುವುದನ್ನು ಅಲ್ಲಿನವರು ಹೇಳುತ್ತಾರೆ.

ಹರಳು ಮದ್ದನ್ನು ಪೂರ್ತಿ ಬಿಟ್ಟುಬಿಡಿ ಅಂತ ರೈತನಿಗೆ ಹೇಳುವುದು ಸುಲಭ. ಆದರೆ ಬೆಳೆ ಹೋದರೆ ಸಾಲ ತೀರಿಸುವವನು ಅವನೇ. ಹುಳ ನಿಜವಾಗಿಯೂ ಇದ್ದು, ಮರಿ ಸಣ್ಣದಿದ್ದು, ಲೇಬಲ್ ಹೊಂದುವಾಗ ಅಳತೆಯಷ್ಟೇ ಹಾಕಿ ಮಣ್ಣು ಮುಚ್ಚಿದರೆ ಅದರಿಂದ ಪ್ರಯೋಜನ ಇದೆ. ಹಾಗಿಲ್ಲದೆ ಸುರಿದರೆ ಹುಳ ಬೇರಿನಲ್ಲೇ ಉಳಿಯುತ್ತದೆ, ವಿಷ ಬಾವಿಗೆ ಇಳಿಯುತ್ತದೆ. ಈ ಸಲ ಮೊದಲ ಮಳೆ ಬಿದ್ದಾಗ ಅಂಗಡಿಗೆ ಹೋಗುವ ಮುಂಚೆ ಹಾರೆ ಹಿಡಿದು ತೋಟಕ್ಕೆ ಹೋಗಿ.